ಹೆಂಗಸರ ಕಡೆಯ ಹೀಟರು

"ಇವತ್ತು ಈ ಹೀಟರಿನ ವಿಷಯ ಇತ್ಯರ್ಥ ಆಗಬೇಕು. ಇಲ್ದಿದ್ರೆ ನಿನ್ನ ಈ ಲೈನಿಂದಲೇ ತೆಗೆಸ್ತೀವಿ" ಎಂದು ಬಸ್ಸಿನ ಹಿಂಭಾಗದಿಂದ ನಿಸಾ ಕೂಗಿದಳು. ಡ್ರೈವರ್ ಹೈಬತ್ ಕನ್ನಡಿಯಲ್ಲಿ ನೋಡಿದ. ನಡುವಿನ ಕಬ್ಬಿಣದ ಸರಳಿನ ಆಚೆ, ಹೆಂಗಸರ ಭಾಗದಲ್ಲಿ, ತಲೆಯಿಂದ ಕಾಲಿನವರೆಗೆ ಹೊದ್ದ ಕಪ್ಪು ಚಾದರಗಳ ನಡುವಿನಿಂದ ಉಸಿರಿನ ಹಬೆ ಏಳುತ್ತಿತ್ತು. ನಿಸಾ ತನ್ನ ಕೂಸನ್ನು ಚಾದರದೊಳಗೇ ಕಟ್ಟಿಕೊಂಡಿದ್ದಳು. ಸರಳಿನ ಈಚೆ ಗಂಡಸರು ಕೋಟಿನ ಗುಂಡಿ ಬಿಚ್ಚಿಕೊಂಡು ಹಾಯಾಗಿ ತೂಕಡಿಸುತ್ತಿದ್ದರು. ಸಬಲಾನ್ ಬೆಟ್ಟದಿಂದ ಇಳಿದು ಬರುವ ಅರ್ದಬೀಲ್ ಊರಿನ ಚಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ; ಭೇದವೆಲ್ಲ ಬಸ್ಸಿನದು.

"ಮುಂದಿನ ಗಾಜಿಗೆ ಬಿಸಿಗಾಳಿ ಊದ್ತಾ ಇದೀಯ. ಗಾಜಿಗಿರೋ ಮರ್ಯಾದೆ ನಮಗಿಲ್ವಾ?" ಎಂದಳು ನಿಸಾ. ಕರ್ಬಲಾದಲ್ಲಿ ಯಜೀದ್ ಪ್ರವಾದಿಯ ಮೊಮ್ಮಗನಿಗೆ ನೀರು ತಡೆದ, ಇವನು ಬಿಸಿ ತಡೆಯುತ್ತಿದ್ದಾನೆ ಎಂದು ಇನ್ನೊಬ್ಬಳು ಸೇರಿಸಿದಳು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಹೈಬತ್ ಹೇಳಬೇಕಾದ್ದನ್ನೆಲ್ಲ ಚಳಿಗಾಲದುದ್ದಕ್ಕೂ ಹೇಳಿ ಸೋತಿದ್ದ. ಗಾಜಿಗೆ ಬಿಸಿ ಊದದಿದ್ದರೆ ಹಿಮಗಟ್ಟಿ ದಾರಿಯೇ ಕಾಣುವುದಿಲ್ಲ. ಎಂಜಿನಿನ ಬಿಸಿನೀರು ಕೊಳವೆಯಲ್ಲಿ ಹಿಂದಕ್ಕೂ ಹೋಗುತ್ತದೆ. ಬೆಳಿಗ್ಗೆ ಡಿಪೋದಲ್ಲಿ ಕೈಯಿಟ್ಟು ನೋಡಿದರೆ ಹಿಂದಿನ ಹೀಟರುಗಳೆಲ್ಲ ಬಿಸಿ. ಫಿಟ್ಟರ್ ಸಫರ್ ಪಂಪು ಬಿಚ್ಚಿ ತೊಳೆದದ್ದೂ ಆಯಿತು. ಹೆಂಗಸರು ಹತ್ತಿ ಕೂತ ಮೇಲೆ ಮಾತ್ರ ಅವು ತಣ್ಣಗಾಗುತ್ತವೆ, ಆಗ ಗಂಡಸಾದವನು ಸರಳು ದಾಟಿ ಹೋಗಿ ನೋಡುವಂತಿಲ್ಲ. ಇದನ್ನು ಅವನ ಹೆಂಡತಿ ತೂಬಾಳೇ ನಂಬಿರಲಿಲ್ಲ. ಬೀದಿಯ ಹೆಂಗಸರೆದುರು ತಲೆ ಎತ್ತದ ಹಾಗೆ ಮಾಡಿದೆ ಎಂದು ಮಾತು ಬಿಟ್ಟಿದ್ದಳು. ಇವತ್ತು ಅವಳೂ ಹಿಂದೆ ಕೂತಿದ್ದಳು, ದೂರು ಕೊಡುವವರ ಪೈಕಿ.

ಅವನು ಬಸ್ಸನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ. "ತೂಬಾ, ನಾನಂತೂ ಅಲ್ಲಿಗೆ ಬರೋ ಹಾಗಿಲ್ಲ. ನೀನೇ ನೋಡು. ಸರಳಿನ ಪಕ್ಕದ ಮೊದಲ ಸೀಟಿನ ಕೆಳಗೆ ಒಂದು ನಲ್ಲಿ ಇದೆ. ಅದರ ಹಿಡಿ ಕೊಳವೆ ಉದ್ದಕ್ಕೆ ಇರಬೇಕು, ಅಡ್ಡ ಇದ್ರೆ ಮುಚ್ಚಿದೆ ಅಂತ ಅರ್ಥ."

ಆ ಸೀಟು ಗುಲಂದಾಮ್ ಅಜ್ಜಿಯದು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡವಳು. ಎಷ್ಟೇ ನೂಕುನುಗ್ಗಲಿದ್ದರೂ ಅವಳಿರುವಾಗ ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಮಗನ ದೇಹ ಇನ್ನೂ ಸಿಕ್ಕಿರಲಿಲ್ಲ. ಗಡಿಯಿಂದ ಹೊಸದಾಗಿ ಯಾರ ಮೂಳೆಗಳಾದರೂ ಬಂದಿವೆಯೇ ಎಂದು ಕೇಳಲು ಅವಳು ದಿನಾ ಪೇಟೆಯ ಕಚೇರಿಗೆ ಹೋಗುತ್ತಿದ್ದಳು. ಹೈಬತ್‌ನನ್ನು ಒಂದು ದಿನವೂ ಬೈಯದ ಹೆಂಗಸೆಂದರೆ ಅವಳೊಬ್ಬಳೇ.

ತೂಬಾ ಮಂಡಿಯೂರಿ ಬಗ್ಗಿದಳು. ಹಿಡಿ ಅಡ್ಡಕ್ಕಿತ್ತು.

"ಅದು ನಾನೇ ಮಗಳೇ" ಎಂದು ಅಜ್ಜಿ ಅವಳ ಕಿವಿಯಲ್ಲಿ ಹೇಳಿದಳು. "ನನ್ನ ಕಾಲಿಗೆ ಬರೋದನ್ನ ಮಾತ್ರ ನಿಲ್ಲಿಸ್ತೀನಿ. ಇಳಿಯೋವಾಗ ಮತ್ತೆ ತೆಗೆದಿಡ್ತೀನಿ, ಆಮೇಲೆ ಕೂರೋರಿಗೆ ಬೇಕಲ್ಲ. ನನ್ನ ಐನುಲ್ಲಾ ಇನ್ನೂ ಆ ಗಡಿಯ ಬೆಟ್ಟದ ಹಿಮದಲ್ಲೇ ಬಿದ್ದಿದಾನೆ. ನಾನು ಹೇಗಮ್ಮ ಕಾಲು ಕಾಯಿಸ್ಕೊಂಡು ಕೂತ್ಕೊಳ್ಳಲಿ?"

ಆ ಕೊಳವೆ ತನ್ನ ಕಾಲಡಿ ನಿಲ್ಲದೆ ಕೊನೆಯ ಸೀಟಿನವರೆಗೂ ಹೋಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲೆಂದು ತೂಬಾ ಬಾಯಿ ತೆರೆದಳು. ಅಷ್ಟರಲ್ಲಿ ನಿಸಾಳ ಕೂಸು ಕೆಮ್ಮಿತು. ಆ ಕೆಮ್ಮಿಗೂ ತಾನೇ ಕಾರಣ ಎಂದು ತಿಳಿದರೆ ಈ ಮುದುಕಿ ನಾಳೆಯಿಂದ ಬಸ್ಸು ಹತ್ತಲಾರಳು, ಹಿಮದಲ್ಲಿ ನಡೆದೇ ಕಚೇರಿಗೆ ಹೋಗುತ್ತಾಳೆ. ತೂಬಾ ಹಿಡಿಯನ್ನು ಅಡ್ಡಕ್ಕೇ ಬಿಟ್ಟಳು. ಎದ್ದು ಚಾದರ ಕೊಡವಿಕೊಂಡಳು.

"ನಲ್ಲಿ ಸರಿಯಾಗೇ ಇದೆ" ಎಂದಳು, ಎಲ್ಲರಿಗೂ ಕೇಳುವಂತೆ. "ನೀವಂದಿದ್ದೇ ನಿಜ. ತಪ್ಪು ನನ್ನ ಗಂಡನದೇ."

ಪೇಟೆ ತಲುಪಿದ ಮೇಲೆ ಅವಳು ಹೈಬತ್‌ನನ್ನು ಬಸ್ಸಿನ ಮರೆಗೆ ಕರೆದು ನಡೆದದ್ದನ್ನು ಹೇಳಿದಳು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಅಷ್ಟು ಹೊತ್ತಿಗೆ ನಿಸಾಳ ದಂಡು ಲೈನಿನ ಮೇಲ್ವಿಚಾರಕನ ಮುಂದೆ ನಿಂತಾಗಿತ್ತು. ಹಿಂದಿನ ಹೀಟರನ್ನು ಬೇಕೆಂದೇ ಮುಚ್ಚಿದ್ದೆಯಾ ಎಂದು ಮೇಲ್ವಿಚಾರಕ ಕೇಳಿದ. ಇವನು ಇಲ್ಲ ಎನ್ನುತ್ತಾನೆ, ಆಮೇಲೆ ಬೈದು ಕಳಿಸೋಣ ಎಂದುಕೊಂಡಿದ್ದ ಪಾಪ.

"ಹೌದು ಸ್ವಾಮಿ, ನಾನೇ ಮುಚ್ಚಿದ್ದು" ಎಂದ ಹೈಬತ್. "ಹೆಂಗಸರಿಗೆ ಚಾದರ ಇದೆಯಲ್ಲ ಅಂದ್ಕೊಂಡೆ."

ನಾಳೆಯಿಂದ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಎಂದು ತೀರ್ಪಾಯಿತು. ನಿಸಾಳಿಗೆ ಸಮಾಧಾನವಾಯಿತು. ತೂಬಾ ಮನೆಗೆ ಹೋಗಿ ಅವನಿಗಿಷ್ಟವಾದ ಮೊಸರಿನ ಸಾರು ಒಲೆಗಿಟ್ಟಳು.

ಸಂಜೆ ಹೈಬತ್ ಬಸ್ಸನ್ನು ನೇರ ಫಿಟ್ಟರ್ ಸಫರನ ಹತ್ತಿರ ಒಯ್ದ. ಮೊದಲ ಸೀಟಿನ ಕೆಳಗಿನ ನಲ್ಲಿಯನ್ನೂ ಹೀಟರನ್ನೂ ಕಿತ್ತುಹಾಕಿ ಕೊಳವೆಯನ್ನು ನೇರ ಹಿಂದಕ್ಕೆ ಜೋಡಿಸು ಎಂದ. ಸಫರ್ ಪಾನಾ ಕೆಳಗಿಟ್ಟು ಅವನ ಮುಖವನ್ನೇ ನೋಡಿದ.

"ಇಷ್ಟು ಬೈಸ್ಕೊಂಡಿದ್ದು ಸಾಲದೇನಯ್ಯ? ಅಲ್ಲಿ ಕೂರೋರಿಗೆ ಚಳಿ ಆಗಲ್ವಾ?"

"ಆಗಲಿ" ಎಂದ ಹೈಬತ್. "ಅಲ್ಲಿ ಕೂರೋರಿಗೆ ಚಳಿ ಬೇಕು."