ಅಚ್ಚುಕಟ್ಟಿನ ಕೆಲಸ

ದೀಪದ ಸ್ವಿಚ್ ಒತ್ತಿದ ಕೂಡಲೇ ದಿಕ್ಸೂಚಿಯ ಮುಳ್ಳು ಉತ್ತರ ಬಿಟ್ಟು ವಾಯವ್ಯಕ್ಕೆ, ಕುಂಸಿ ಊರಿನ ಕಡೆ ತಿರುಗಿತು. ಹೊನ್ನಯ್ಯ ದೀಪ ಆರಿಸಿದ. ಮುಳ್ಳು ಏನೂ ಆಗಿಲ್ಲವೆಂಬಂತೆ ಉತ್ತರಕ್ಕೆ ಮರಳಿತು. ಮತ್ತೆ ಹಚ್ಚಿದ. ಮತ್ತೆ ಕುಂಸಿ!

ಶಿವಮೊಗ್ಗದ ತುಂಗೆಯ ದಡದಲ್ಲಿ ದಿಮ್ಮಿಗಳ ಮೇಲೆ ನಿಂತಿದ್ದ ಆ ಮೋಟಾರು ದೋಣಿಯನ್ನು ನರಸಿಂಹಮೂರ್ತಿ ಸಾಹುಕಾರರು ಮಂಗಳೂರಿನಿಂದ ಹಳೆಯ ಮಾಲಾಗಿ ಕೊಂಡು ತಂದಿದ್ದರು. ಹೊಸ ಅಣೆಕಟ್ಟೆಯ ಹಿನ್ನೀರಿನಲ್ಲಿ ಜನರನ್ನು ದಾಟಿಸುವುದು ಅವರ ಲೆಕ್ಕಾಚಾರ. ಆದರೆ ಚಾಲಕನ ಮುಂದಿನ ಹಲಗೆಯಲ್ಲಿದ್ದ ಮೀಟರು, ಹಾರನ್ನು, ದಿಕ್ಸೂಚಿಯ ದೀಪ, ಎಲ್ಲದರ ವೈರುಗಳನ್ನೂ ಇಲಿಗಳು ಕಡಿದು ಹಾಕಿದ್ದವು. ರಿಪೇರಿಗೆ ಭದ್ರಾವತಿಯ ಹೊನ್ನಯ್ಯನೇ ಬೇಕೆಂದು ಕರೆಸಿದರು. ಅವನು ವೈರು ಎಳೆದರೆ ಸ್ಕೇಲಿಟ್ಟು ಗೆರೆ ಹೊಡೆದ ಹಾಗೆ ಎಂದು ಎರಡೂ ಊರಿನಲ್ಲಿ ಮಾತಿತ್ತು. ಆ ಮಾತು ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಎರಡು ದಿನವೂ ಹಳೆಯ ವೈರು ಕಿತ್ತೆಸೆಯುತ್ತ, "ಯಾವನೋ ಕೈಲಾಗದವನ ಕೆಲಸ" ಎಂದು ಮುಖ ಕಾಣದ ಆ ಮಂಗಳೂರಿನವನನ್ನು ಬೈದಿದ್ದ. ಬೆಳಿಗ್ಗೆ ಸಾಹುಕಾರರು ಬಂದು ನೋಡಿ ಮೆಚ್ಚಿ, "ಆಲ್ಕೊಳದ ನನ್ನ ಹೊಸ ಮಿಲ್ಲಿನ ವೈರಿಂಗೂ ನಿಂದೇ ಕಣಯ್ಯ" ಎಂದಿದ್ದರು. ದೋಣಿಯನ್ನು ಹಿನ್ನೀರಿಗೆ ಸಾಗಿಸಲು ಲಾರಿ ತರಹೋದವರು ಇನ್ನೇನು ಬರಬೇಕು.

"ಸುಬ್ಬಪ್ಪ, ಈ ದೀಪ ಯಾವಾಗ ಹಚ್ತೀರಿ?" ದೋಣಿ ನಡೆಸಲು ಹೊರಟಿದ್ದ ಸುಬ್ಬಪ್ಪನನ್ನು ಕೇಳಿದ.

"ಮಂಜು ಬಿದ್ದಾಗ. ಬೆಳಗಿನ ಹೊತ್ತು ಅಲ್ಲಿ ದಡಾನೇ ಕಾಣಲ್ಲ ಮಾರಾಯ. ನೀರೊಳಗೆ ಮುಳುಗಿರೋ ಮರದ ಬೊಡ್ಡೆ ಬೇರೆ. ಮೂವತ್ತು ಜನರನ್ನ ಕೂರಿಸ್ಕೊಂಡು ಈ ಮುಳ್ಳನ್ನೇ ನಂಬಿ ಹೋಗ್ಬೇಕು. ಯಾಕೆ?"

ಹೊನ್ನಯ್ಯ ದೀಪ ಆರಿಸಿದ. ಹಗಲಲ್ಲಿ ಯಾರೂ ದೀಪ ಹಚ್ಚುವುದಿಲ್ಲ, ಸಾಹುಕಾರರಿಗೆ ಗೊತ್ತಾಗುವುದೂ ಇಲ್ಲ. ಆ ಯೋಚನೆ ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಮೂಲೆಯಲ್ಲಿದ್ದ ಗೋಣಿಚೀಲವನ್ನು ಸುರಿದು, ಕಿತ್ತೆಸೆದಿದ್ದ ಹಳೆಯ ವೈರುಗಳನ್ನು ಒಂದೊಂದಾಗಿ ನೋಡಿದ. ಮಿಕ್ಕವೆಲ್ಲ ಬಿಡಿಬಿಡಿ. ದಿಕ್ಸೂಚಿಯ ದೀಪದ ಎರಡು ವೈರು ಮಾತ್ರ ಹಗ್ಗದ ಹಾಗೆ ಒಂದಕ್ಕೊಂದು ಹೊಸೆದುಕೊಂಡಿದ್ದವು. ಅವನೋ, ಹೊಸ ವೈರುಗಳಲ್ಲಿ ಒಂದನ್ನು ದಿಕ್ಸೂಚಿಯ ಎಡಕ್ಕೆ, ಇನ್ನೊಂದನ್ನು ಬಲಕ್ಕೆ, ಚೆಂದ ಕಾಣಲೆಂದು ನೆಟ್ಟಗೆ ಎಳೆದಿದ್ದ.

ಕ್ಲಿಪ್ಪುಗಳನ್ನು ಕಿತ್ತ. ಎರಡೂ ವೈರುಗಳನ್ನು ಸೇರಿಸಿ ಬಿಗಿಯಾಗಿ ಹೊಸೆದು ದೀಪ ಹಚ್ಚಿದ. ಮುಳ್ಳು ಅಲುಗಲಿಲ್ಲ. ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ತಬ್ಬಿಕೊಂಡಿದ್ದರೆ ಮುಳ್ಳಿನ ತಂಟೆಗೆ ಹೋಗುವುದಿಲ್ಲವೆಂದು ಅವನಿಗೆ ಆಗ ಹೊಳೆಯಿತು.

"ಅಯ್ಯೋ, ಚೆನ್ನಾಗಿದ್ದದ್ದನ್ನ ಯಾಕೆ ಹಾಳು ಮಾಡಿದ್ರಿ?" ಸುಬ್ಬಪ್ಪ ಬಗ್ಗಿ ನೋಡಿದ. "ಯಾವನೋ ಕೈಲಾಗದವನು ಮಾಡಿದ ಹಾಗಿದೆ. ಸಾಹುಕಾರ್ರು ಇದನ್ನ ನೋಡಿದ್ರೆ ಮಿಲ್ಲಿನ ಕೆಲಸ ಕೈಬಿಟ್ಟು ಹೋಗುತ್ತೆ ನೋಡಿ."

"ಹೋದ್ರೆ ಹೋಗ್ಲಿ. ಬೆಳಿಗ್ಗೆ ಅವರು ಮೆಚ್ಚಿದ್ದು ನನ್ನ ತಪ್ಪನ್ನ. ನಾನೇ ಹೇಳ್ತೀನಿ."

ರಸ್ತೆಯ ಕಡೆಯಿಂದ ಲಾರಿಯ ಸದ್ದು ಕೇಳಿಸಿತು. ಮುಂದೆ ಯಾವತ್ತೋ ತನ್ನಂಥವನೇ ಇನ್ನೊಬ್ಬ ಅಚ್ಚುಕಟ್ಟಿನವನು ಬಂದು ಇದನ್ನು ಬಿಡಿಸಿಬಿಟ್ಟರೆ? ಹೊನ್ನಯ್ಯ ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು, ಹಲಗೆಯ ಮರದ ಮುಚ್ಚಳವನ್ನು ಮಗುಚಿದ. ಒಳಮೈ ಫಳಫಳ ಹೊಳೆಯುತ್ತಿತ್ತು. ಮೊದಲ ದಿನ ಬಿಚ್ಚಿದಾಗ ಅಲ್ಲಿ ಯಾರೋ ಪೆನ್ಸಿಲಿನಲ್ಲಿ ಎರಡು ಸಾಲು ಬರೆದದ್ದಿತ್ತು. ಓದುವ ಗೋಜಿಗೇ ಹೋಗದೆ, ಗಲೀಜೆಂದು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದವನು ಅವನೇ.

ಅವನು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು, ಅಕ್ಷರ ಕೆತ್ತಲು ಒಂದು ಮೊಳೆ ಕೈಗೆತ್ತಿಕೊಂಡ.