ಎಲ್ಲರಿಗೂ ಆಗುವಷ್ಟು ಪುಂಡಿಪಲ್ಯ

ಪುಂಡಿಪಲ್ಯದ ಹುಳಿವಾಸನೆ ಬಂದರೆ ಈಗಲೂ ನೌಬಾದದ ದಾಲ್ ಮಿಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಲ್ಲಿ ತೊಗರಿ ಕೇರುವ ಹೆಂಗಸರು ಬೇವಿನ ಮರದಡಿ ಕೂತು, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈಹಾಕಿ ಉಣ್ಣುತ್ತಿದ್ದರು. ಅವ್ವನ ಪುಂಡಿಪಲ್ಯ ಎಲ್ಲರಿಗೂ ಬೇಕು. ಸಂಘ ಕಟ್ಟೋಣವೆಂದು ಮೊದಲು ಬಾಯಿಬಿಟ್ಟವಳೂ ಅವ್ವನೇ.

ಅವತ್ತು ಶಾಲೆಗೆ ರಜೆ, ನಾನೂ ಅವಳ ಜೊತೆಗಿದ್ದೆ. ಮಾಲೀಕ ಅವ್ವನತ್ತ ಕೈಮಾಡಿ ಉಳಿದ ಹೆಂಗಸರಿಗೆ ಹೇಳಿದ: "ಧಂದಾ ಮಂದ ಅದ, ಮಂದಿ ಕಮ್ಮಿ ಮಾಡೋದದ. ಅಕಿ ಸಂಗಟ ಯಾರ್ ಕೂಡ್ತಾರ, ನೋಡ್ತೇನಿ."

ಊಟಕ್ಕೆ ಎಲ್ಲರೂ ಗೋಡೆಯ ಆಚೆ ಕೂತರು. ಅವ್ವ ಮರದಡಿ ದೊಡ್ಡ ಡಬ್ಬಿ ತೆರೆದು, ರೊಟ್ಟಿ ಮುರಿಯದೆ ಕಾದಳು.

"ಯಾಕವ್ವಾ, ಯಾರೂ ಬರವಲ್ಲರು?"

"ಅಂಜ್ಯಾರ. ಅವರಿಗೂ ಮಕ್ಕಳವ. ನೀ ಉಣ್ಣು."

ಪಲ್ಯ ಹಾಗೇ ಉಳಿಯಿತು. ಸಂಜೆ ಮನೆಗೆ ಬಂದವಳೇ ಅವ್ವ ಮರುದಿನಕ್ಕೆಂದು ಮತ್ತೆ ಸೊಪ್ಪು ಸೋಸಲು ಕೂತಳು, ಎಲ್ಲರಿಗೂ ಆಗುವಷ್ಟು.