ಹೆಂಡತಿಯ ಮಾತಿಗೆ ಬೀಗ

ನಂಬಿದರೆ ನಂಬಿ, ಇದು ಧಾರವಾಡದಲ್ಲಿ ನಡೆದ ನಿಜಸಂಗತಿ. ಊರವರ ನೆನಪುಗಳೆಲ್ಲ ಓಣಿಯ ಸರ್ವರಿನಲ್ಲಿ ಇರುತ್ತಿದ್ದ ಕಾಲ. ಒಬ್ಬೊಬ್ಬರಿಗೂ ಇಷ್ಟೇ ಜಾಗವೆಂಬ ಕೋಟಾ. ಚನ್ನವೀರಪ್ಪನ ಕೋಟಾ ತುಂಬಿಹೋಗಿತ್ತು. ಅಂದು ಸಂಜೆಯೇ ಮಗಳ ಮೊದಲ ಗಾಯನ. ಜಾಗ ಸಿಗದಿದ್ದರೆ ಕೇಳಿದ್ದೆಲ್ಲ ಬೆಳಗಾಗುವಷ್ಟರಲ್ಲಿ ಮಾಯ. ಹೆಂಡತಿ ಗಿರಿಜವ್ವನನ್ನೂ ಪಕ್ಕದ ಮನೆಯ ಈರಸಂಗಪ್ಪನನ್ನೂ ಕರೆದುಕೊಂಡು ಸರ್ವರ್ ಕೋಣೆಗೆ ಓಡಿದ.

ಸರ್ವರ್ ನೋಡಿಕೊಳ್ಳುವ ರುದ್ರಾಣಿ ತಡಕಾಡಿ ನಕ್ಕಳು. "ಕಾಕಾ, ಕಾಕೂನ ಮಾತೆಲ್ಲಾ ಅಳಿಸಾಕ ಬರದಂಗ ಬೀಗ ಹಾಕೀರಲ್ರಿ!"

"ಮರತ್ರ ಊಟ ಸಿಗೂದಿಲ್ಲವ್ವಾ."

"ಕೇಳಸು, ನೋಡೂಣು," ಎಂದಳು ಗಿರಿಜವ್ವ.

ರುದ್ರಾಣಿ ಗುಂಡಿ ಒತ್ತಿದಳು; ಸರ್ವರಿನಿಂದ ಗಿರಿಜವ್ವನ ದನಿ ಬಂತು: "ರೀ, ಕೊತ್ತಂಬರಿ ತರ್ರಿ." "ರೀ, ಕೊತ್ತಂಬರಿ ವಾಪಸ್ ಕೊಟ್ಟ ಬರ್ರಿ." ಇಂಥವು ರಾಶಿ ರಾಶಿ. ಎಲ್ಲವನ್ನೂ ಚನ್ನವೀರಪ್ಪ ಚಾಚೂ ತಪ್ಪದೆ ಪಾಲಿಸಿದ್ದ. ಕೊನೆಗೊಂದು ಬಂತು: "ರೀ, ನೀವು ಹೇಳಿದ್ದ ಖರೆ, ತಪ್ಪು ನಂದ."

ಗಿರಿಜವ್ವ ಸೊಂಟಕ್ಕೆ ಕೈಯಿಟ್ಟಳು. "ಇದು ನಾನಲ್ಲ! ಇಂಥಾ ಮಾತು ಜನ್ಮದಾಗ ಆಡಿಲ್ಲ."

ಯಾರ ದನಿಯನ್ನಾದರೂ ಅಣಕಿಸಬಲ್ಲ ಈರಸಂಗಪ್ಪ ಮೆಲ್ಲಗೆ ಬಾಗಿಲತ್ತ ಸರಿಯುತ್ತಿದ್ದ. ಸಿಕ್ಕಿಬಿದ್ದು, "ಗ್ವಾಡಿ ಆಚಿಂದ ನಾನ ಕೂಗತಿದ್ನಿ ವೈನಿ, ಕೊತ್ತಂಬರಿ ವಾಪಸ್ ಅಂದಾಂವನೂ ನಾನ," ಎಂದ.

ಕೋಣೆಯೆಲ್ಲ ನಗೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಚನ್ನವೀರಪ್ಪನೇ. ಹೊಟ್ಟೆ ಹಿಡಿದುಕೊಂಡೇ ಕೂಗಿದ: "ಇವನ ಕೂಗೆಲ್ಲಾ ಅಳಿಸವ್ವಾ ರುದ್ರಾಣಿ, ಆ ಕಡೀದೊಂದು ಬಿಟ್ಟು!"